ಮನೆಯಂಗಳದಿಂದ ನಕ್ಷತ್ರ ನೋಡೋಕೆ 15 ಸಾವಿರದೊಳಗೆ ಏನು ಕೊಳ್ಳಲಿ? (ನಾಪೋಕ್ಲು ಕಡೆ)

ಕಾಫಿಕಣ
ಎಲ್ಲರಿಗೂ ನಮಸ್ಕಾರ. ನಮ್ಮ ಮನೆ ಕೊಡಗಿನ ನಾಪೋಕ್ಲು ಹತ್ತಿರ, ಕಾಫಿ ತೋಟದ ಮಧ್ಯೆ. ಮಗಳಿಗೆ 11 ವರ್ಷ. ಈ ಸಲ ಪುತ್ತರಿ ಹಬ್ಬದ ರಾತ್ರಿ ಕದಿರು (ಹೊಸ ಭತ್ತದ ತೆನೆ) ತೆಗೆಯಲು ಗದ್ದೆಗೆ ಹೋಗಿದ್ದಾಗ, ಚಂದ್ರನ ಹತ್ತಿರ ಕೆಂಪಗೆ ಹೊಳೆಯುತ್ತಿದ್ದ ಒಂದು ನಕ್ಷತ್ರ ತೋರಿಸಿ ಅದರ ಹೆಸರೇನು ಅಂತ ಕೇಳಿದಳು. ಅಲ್ಲಿದ್ದ ಮೂವತ್ತು ಜನರಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ಅವತ್ತಿನಿಂದ ದಿನಾ ರಾತ್ರಿ ಹೊರಗೆ ನಿಂತು ಮೇಲೆ ನೋಡುತ್ತಾಳೆ. ಅವಳಿಗೆ ಏನಾದರೂ ಕೊಡಿಸಬೇಕು ಅಂತಿದ್ದೇನೆ.

ಬಜೆಟ್ 15 ಸಾವಿರ, ಅದಕ್ಕಿಂತ ಜಾಸ್ತಿ ಈ ವರ್ಷ ಆಗಲ್ಲ. ಆನ್‌ಲೈನ್‌ನಲ್ಲಿ 70 ಮಿ.ಮೀ.ನ ಒಂದು ಟೆಲಿಸ್ಕೋಪ್ ನೋಡಿದೆ. 525 ಪಟ್ಟು ದೊಡ್ಡದಾಗಿ ತೋರಿಸುತ್ತದೆ ಅಂತ ಬರೆದಿದ್ದಾರೆ. ಬೆಲೆ 8 ಸಾವಿರ. ತಗೊಳ್ಳಬಹುದಾ? ಅವಳಿಗೆ ಚಂದ್ರನ ಕುಳಿ ಮತ್ತು ಶನಿಯ ಉಂಗುರ ನೋಡಬೇಕಂತೆ.

ಮನೆ ಸುತ್ತ ಸಿಲ್ವರ್ ಓಕ್. ಬಯಲು ಅಂತ ಇರುವುದು ಕಾಫಿ ಒಣಗಿಸುವ ಕಣ ಮಾತ್ರ. ಮಳೆಗಾಲದಲ್ಲಿ ಬಟ್ಟೆಗೇ ಬೂಸ್ಟು ಹಿಡಿಯುವ ಮನೆ ಇದು. ಅದನ್ನೂ ಲೆಕ್ಕಕ್ಕೆ ತೆಗೆದುಕೊಂಡು ಹೇಳಿ.

ಮಂಜಿನೂರು
525 ಅಂತ ಬರೆದಿದ್ದರೆ ಮುಟ್ಟಬೇಡಿ. ಅಷ್ಟೇ.

ಸೋಮವಾರಪೇಟೆ ಮೇಷ್ಟ್ರು
ಮೊದಲು ಮಗಳ ಪ್ರಶ್ನೆಗೆ ಉತ್ತರ. ಅವಳು ತೋರಿಸಿದ್ದು ರೋಹಿಣಿ. ಪುತ್ತರಿಗೆ ಮುಹೂರ್ತ ಇಡುವುದೇ ಹುಣ್ಣಿಮೆ ಮತ್ತು ರೋಹಿಣಿ ನಕ್ಷತ್ರ ನೋಡಿ. ಕಕ್ಕಬ್ಬೆಯ ಪಾಡಿ ಇಗ್ಗುತ್ತಪ್ಪ ದೇವಸ್ಥಾನದಲ್ಲಿ ಅದನ್ನು ಗೊತ್ತು ಮಾಡುತ್ತಾರೆ, ಅದು ನಿಮಗೆ ತಿಳಿದೇ ಇರುತ್ತದೆ. ನಾವು ವರ್ಷಾ ವರ್ಷಾ ಹೆಸರು ಹೇಳುತ್ತೇವೆ, ತಲೆ ಎತ್ತಿ ಅದನ್ನು ನೋಡುವುದು ಮರೆತಿದ್ದೇವೆ. ನಿಮ್ಮ ಮಗಳು ನೋಡಿದಳು. ನನಗೆ ಬಹಳ ಖುಷಿಯಾಯಿತು.

ಇನ್ನು 525ರ ವಿಷಯ. ಟೆಲಿಸ್ಕೋಪ್ ಎಷ್ಟು ಪಟ್ಟು ದೊಡ್ಡದು ಮಾಡುತ್ತದೆ ಅನ್ನುವುದು ಕೊಳವೆಯ ಗುಣ ಅಲ್ಲ. ಅದರ ಫೋಕಲ್ ಲೆಂತ್ (ಬೆಳಕು ಒಂದೆಡೆ ಸೇರುವ ದೂರ) ಅನ್ನು ಐಪೀಸಿನ (ಕಣ್ಣಿಡುವ ಮಸೂರದ) ಫೋಕಲ್ ಲೆಂತ್‌ನಿಂದ ಭಾಗಿಸಿದರೆ ಬರುವ ಸಂಖ್ಯೆ ಅದು. 700 ಮಿ.ಮೀ. ಕೊಳವೆಗೆ 20 ಮಿ.ಮೀ. ಐಪೀಸ್ ಹಾಕಿದರೆ 35 ಪಟ್ಟು. 4 ಮಿ.ಮೀ. ಹಾಕಿ, ಅದರ ಮೇಲೆ 3 ಪಟ್ಟು ಹೆಚ್ಚಿಸುವ ಬಾರ್ಲೋ ಮಸೂರ ಸೇರಿಸಿದರೆ 525. ಲೆಕ್ಕ ಸರಿ, ಆದರೆ ಚಿತ್ರ ಬರೀ ಮಸುಕು. ಮುಂದಿನ ಮಸೂರದ ಅಗಲ ಎಷ್ಟು ಮಿ.ಮೀ. ಇದೆಯೋ ಅದರ ಎರಡು ಪಟ್ಟು ಅಂದರೆ ಕೊನೆಯ ಮಿತಿ. 70ಕ್ಕೆ 140. ದಿನನಿತ್ಯ ಬಳಸುವುದು 30ರಿಂದ 100ರೊಳಗೆ. ಆದ್ದರಿಂದ ಪಟ್ಟು ಕೇಳಬೇಡಿ, ಅಗಲ ಕೇಳಿ.

ನನ್ನ ಸಲಹೆ 10×50 ಬೈನಾಕ್ಯುಲರ್ (10 ಪಟ್ಟು, ಮುಂದಿನ ಮಸೂರ 50 ಮಿ.ಮೀ.). ನಿಮ್ಮ ಬಜೆಟ್‌ನಲ್ಲಿ ಅರ್ಧ ಉಳಿಯುತ್ತದೆ.

ಡಾಬ್ ಪ್ರೇಮಿ
ಮೇಷ್ಟ್ರೇ, ಗೌರವದಿಂದಲೇ ಹೇಳುತ್ತೇನೆ, ಒಪ್ಪಲ್ಲ. ಮಗು ಶನಿಯ ಉಂಗುರ ನೋಡಬೇಕು ಅಂತ ಕೇಳಿದೆ. 10 ಪಟ್ಟಿನಲ್ಲಿ ಉಂಗುರ ಕಾಣಲ್ಲ. ಆಸೆ ಹುಟ್ಟಿದಾಗಲೇ ಅದನ್ನು ತೋರಿಸಬೇಕು.

ಬೆಂಗಳೂರಲ್ಲಿರುವ ಕೊಡಗಿನವ
ನಮ್ಮಣ್ಣನ ಬೈನಾಕ್ಯುಲರ್‌ನಲ್ಲಿ ಶನಿಯ ಉಂಗುರ ಕಾಣಿಸಿತ್ತು. ನಾನೇ ನೋಡಿದ್ದೇನೆ.

ಡಾಬ್ ಪ್ರೇಮಿ
ಉಂಗುರ ಅಲ್ಲ, ಉದ್ದುದ್ದ ಆದ ಚುಕ್ಕೆ ಕಂಡಿರುತ್ತದೆ. ಗೆಲಿಲಿಯೊ 1610ರಲ್ಲಿ 20 ಪಟ್ಟಿಗೂ ಜಾಸ್ತಿ ಶಕ್ತಿಯ ಕೊಳವೆಯಲ್ಲಿ ನೋಡಿಯೂ ಅದು ಉಂಗುರ ಅಂತ ಗೊತ್ತಾಗದೆ, ಮೂರು ಗ್ರಹ ಒಟ್ಟಿಗಿವೆ ಅಂದುಕೊಂಡಿದ್ದ. ಉಂಗುರ ಅಂತ ಹೇಳಿದ್ದು ಹೈಗನ್ಸ್ ಅನ್ನುವ ವಿಜ್ಞಾನಿ, ಅದೂ 1650ರ ದಶಕದಲ್ಲಿ. ಈಗಿನ ಮಸೂರ ಒಳ್ಳೆಯದು, 25–30 ಪಟ್ಟು ಸಾಕು. ಆದರೆ 10 ಪಟ್ಟು ಸಾಲಲ್ಲ.

ಬೆಂಗಳೂರಲ್ಲಿರುವ ಕೊಡಗಿನವ
ಸರಿ, ಅವನದು ಸ್ಟ್ಯಾಂಡ್ ಮೇಲೆ ಕೂರಿಸಿದ ದೊಡ್ಡದು. ಎಷ್ಟು ಪಟ್ಟು ಅಂತ ಕೇಳಿ ಹೇಳುತ್ತೇನೆ.

ಕುಟ್ಟದ ಹುಡುಗಿ
ನನ್ನ ಅನುಭವ ಹೇಳುತ್ತೇನೆ. 2019ರ ಡಿಸೆಂಬರ್ 26ರ ಕಂಕಣ ಸೂರ್ಯಗ್ರಹಣ ನಮ್ಮೂರ ಮೇಲೇ ಹಾದು ಹೋಯಿತಲ್ಲ, ಕಾಯಿಮಾನಿಗೆ ಎಲ್ಲೆಲ್ಲಿಂದಲೋ ಜನ ಬಂದಿದ್ದರು. ಬೆಳಿಗ್ಗೆ ಒಂಬತ್ತೂವರೆ ಹೊತ್ತಿಗೆ ಸೂರ್ಯ ಬಳೆ ಥರ ಆಯಿತು. ನಾನಾಗ ಪಿಯುಸಿ. ಅಪ್ಪನನ್ನು ಕಾಡಿ ಬೇಡಿ ಮುಂದಿನ ತಿಂಗಳೇ ಟೆಲಿಸ್ಕೋಪ್ ತರಿಸಿಕೊಂಡೆ. ಕಂಪನಿ ಹೆಸರು ಬೇಡ. ಕೊಳವೆ ಪರವಾಗಿಲ್ಲ, ಆದರೆ ಟ್ರೈಪಾಡ್ ಅಗರಬತ್ತಿ ಕಡ್ಡಿಯಷ್ಟು ತೆಳ್ಳಗೆ. ಫೋಕಸ್ ತಿರುಗಿಸಲು ಕೈ ಇಟ್ಟರೆ ಸಾಕು, ಚಂದ್ರ ಕುಣಿಯುತ್ತಿದ್ದ. ಅದು ನಿಲ್ಲುವುದರೊಳಗೆ ಭೂಮಿ ತಿರುಗಿ ಚಂದ್ರ ಆಚೆ ಹೋಗಿರುತ್ತಿದ್ದ. ಎರಡು ತಿಂಗಳು ಪ್ರಯತ್ನಪಟ್ಟೆ. ತಪ್ಪು ನನ್ನದೇ ಅಂದುಕೊಂಡಿದ್ದೆ. ಆಮೇಲೆ ಅದು ಅಟ್ಟ ಸೇರಿತು.

ಮೂರು ವರ್ಷ ಆದ ಮೇಲೆ ಯಾರೋ ಒಂದು ಬೈನಾಕ್ಯುಲರ್ ಕೊಟ್ಟು ಕೃತ್ತಿಕೆ ನೋಡು ಅಂದರು. ಬರಿಗಣ್ಣಿಗೆ ಆರು ಚುಕ್ಕೆ ಇದ್ದಲ್ಲಿ ನೀಲಿ ಬಿಳಿ ಹರಳಿನ ಗೊಂಚಲು. ನನಗೆ ಅಳು ಬಂತು. ಆ ಮೂರು ವರ್ಷ ಸುಮ್ನೆ ಹೋಯಿತಲ್ಲ ಅಂತ.

ಹಾಗಾಗಿ ಅಗಲ, ಪಟ್ಟು ಎಲ್ಲದಕ್ಕಿಂತ ಮೊದಲು ಕಾಲು ಗಟ್ಟಿ ಇದೆಯಾ ನೋಡಿ.

ಇನ್ನೊಂದು ಮಾತು, ಅಗ್ಗದ ಟೆಲಿಸ್ಕೋಪ್ ಜೊತೆ ಐಪೀಸಿಗೆ ತಿರುಪುವ ಸಣ್ಣ ಕಪ್ಪು ಗಾಜು ಕೊಡುತ್ತಾರೆ, ಸೂರ್ಯನನ್ನು ನೋಡಲು ಅಂತ. ಅದನ್ನು ಒಡೆದು ಎಸೆಯಿರಿ. ಬಿಸಿಗೆ ಅದು ಬಿರುಕು ಬಿಟ್ಟರೆ ಕಣ್ಣು ಹೋಗುತ್ತದೆ. ಸೂರ್ಯನ ಫಿಲ್ಟರ್ ಯಾವತ್ತೂ ಕೊಳವೆಯ ಮುಂದಿನ ಬಾಯಿಗೆ ಹಾಕಬೇಕು.

ರೋಬಸ್ಟಾ
ಈ ಕೊನೆಯ ಮಾತಿಗೆ ನೂರು ಸಲ ಹೌದು. ಮಕ್ಕಳಿರುವ ಮನೆಯಲ್ಲಿ ಹಗಲು ಹೊತ್ತು ಟೆಲಿಸ್ಕೋಪ್ ಹೊರಗೆ ಬಿಡಲೇ ಬಾರದು.

ಮಂಜಿನೂರು
ಈಕ್ವೆಟೋರಿಯಲ್ ಮೌಂಟ್ (ಕೊಳವೆ ಕೂರಿಸುವ ಒಂದು ಬಗೆಯ ಸ್ಟ್ಯಾಂಡ್) ಅಂತ ಬರೆದಿರುವುದನ್ನೂ ಬಿಟ್ಟುಬಿಡಿ. ಅದರ ಅಕ್ಷವನ್ನು ಧ್ರುವ ನಕ್ಷತ್ರದ ಕಡೆ ತಿರುಗಿಸಿ ಇಡಬೇಕು. ಮಡಿಕೇರಿಯ ಅಕ್ಷಾಂಶ 12.4 ಡಿಗ್ರಿ. ಅಂದರೆ ಧ್ರುವ ಕೂಡ ಉತ್ತರ ದಿಗಂತದಿಂದ ಸುಮಾರು 12 ಡಿಗ್ರಿ ಮೇಲೆ ಮಾತ್ರ. ಕೈ ಚಾಚಿ ಮುಷ್ಟಿ ಹಿಡಿದರೆ ಹತ್ತು ಡಿಗ್ರಿ ಆಗುತ್ತದೆ, ಅದಕ್ಕಿಂತ ಸ್ವಲ್ಪ ಮೇಲೆ ಅಷ್ಟೇ. ನಮ್ಮಲ್ಲಿ ಆ ಎತ್ತರದಲ್ಲಿ ಗುಡ್ಡ ಇರುತ್ತದೆ, ಇಲ್ಲಾ ಮರ ಇರುತ್ತದೆ. ನಾನು ಮಡಿಕೇರಿಯಲ್ಲಿ 9 ವರ್ಷದಿಂದ ನೋಡುತ್ತಿದ್ದೇನೆ, ನಮ್ಮ ಮನೆಯಿಂದ ಧ್ರುವ ಒಂದು ಸಲವೂ ಕಂಡಿಲ್ಲ. ಜೊತೆಗೆ ಸಣ್ಣ ಮೌಂಟ್‌ಗಳನ್ನು ನಮ್ಮ ಅಕ್ಷಾಂಶಕ್ಕೆ ಬಗ್ಗಿಸಿದರೆ ಭಾರ ತೂಗುಹಾಕುವ ಸರಳು ಟ್ರೈಪಾಡ್ ಕಾಲಿಗೆ ತಾಗುವುದುಂಟು. ಆ ವಿನ್ಯಾಸ ಹೆಚ್ಚಾಗಿ ಉತ್ತರದ ದೇಶಗಳ ಆಕಾಶ ಮನಸ್ಸಲ್ಲಿಟ್ಟುಕೊಂಡು ಮಾಡಿದ್ದು.

ಮೇಲೆ ಕೆಳಗೆ, ಎಡ ಬಲ ತಿರುಗುವ ಸರಳ ಮೌಂಟ್ ಸಾಕು.

ಡಾಬ್ ಪ್ರೇಮಿ
ಅದನ್ನೇ ನಾನು ಹೇಳಹೊರಟಿದ್ದು. ಡಾಬ್ಸೋನಿಯನ್ ಅಂದರೆ ಅದೇ. ಮರದ ಪೆಟ್ಟಿಗೆ, ಅದರ ಮೇಲೆ ಕನ್ನಡಿ ಇರುವ ಕೊಳವೆ. ತಳ್ಳಿದರೆ ತಿರುಗುತ್ತದೆ, ಬಿಟ್ಟರೆ ನಿಲ್ಲುತ್ತದೆ. ಟ್ರೈಪಾಡೇ ಇಲ್ಲ, ಅಲುಗಾಟವೂ ಇಲ್ಲ.

ಇದನ್ನು ಜನಪ್ರಿಯ ಮಾಡಿದ ಜಾನ್ ಡಾಬ್ಸನ್ ಅಮೆರಿಕದ ವೇದಾಂತ ಸೊಸೈಟಿಯ ಮಠದಲ್ಲಿ 23 ವರ್ಷ ಸನ್ಯಾಸಿಯಾಗಿದ್ದರು. ಅದು ರಾಮಕೃಷ್ಣ ಪರಂಪರೆಯ ಮಠ. ನಮ್ಮ ಪೊನ್ನಂಪೇಟೆಯ ಶಾರದಾಶ್ರಮವೂ ಅದೇ ಪರಂಪರೆ. ಕೈಯಲ್ಲಿ ಕಾಸಿಲ್ಲ, ಹಡಗಿನ ಕಿಟಕಿಯ ಹಳೇ ಗಾಜು ತಂದು ಉಜ್ಜಿ ಕನ್ನಡಿ ಮಾಡಿದರು. ಕೊಳವೆಗೆ ರಟ್ಟು. 1967ರಲ್ಲಿ ಮಠ ಬಿಡಬೇಕಾಯಿತು. ಮರುವರ್ಷ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಸಂಘ ಕಟ್ಟಿ, ಫುಟ್‌ಪಾತ್ ಮೇಲೆ ಟೆಲಿಸ್ಕೋಪ್ ಇಟ್ಟು ದಾರಿಹೋಕರಿಗೆ ಚಂದ್ರ ತೋರಿಸಿದರು. 2014ರಲ್ಲಿ ತೀರಿಕೊಳ್ಳುವವರೆಗೂ ಅದೇ ಹಂಬಲ. ನಾನು ಆ ಆಶ್ರಮದ ಮುಂದೆ ಹಾದು ಹೋಗುವಾಗಲೆಲ್ಲ ಅವರನ್ನು ನೆನೆಯುತ್ತೇನೆ.

ನನ್ನದು 130 ಮಿ.ಮೀ. ಕನ್ನಡಿಯ, ಮೇಜಿನ ಮೇಲೆ ಇಡುವ ಸಣ್ಣ ಡಾಬ್. 70ರ ಮಸೂರಕ್ಕಿಂತ ಸುಮಾರು ಮೂರೂವರೆ ಪಟ್ಟು ಬೆಳಕು ಹಿಡಿಯುತ್ತದೆ. ಶನಿಯ ಉಂಗುರ, ಗುರುವಿನ ಪಟ್ಟೆ, ಓರಿಯನ್ ನಿಹಾರಿಕೆ ಎಲ್ಲಾ ಕಾಣುತ್ತದೆ. ಹೊಸದಕ್ಕೆ 15 ಸಾವಿರ ಸಾಲಲ್ಲ, ನಿಜ. ಆದರೆ ಸೆಕೆಂಡ್ ಹ್ಯಾಂಡ್ ಹುಡುಕಿ. ಬೆಂಗಳೂರಿನ ಹವ್ಯಾಸಿಗಳು ದೊಡ್ಡದಕ್ಕೆ ಹೋಗುವಾಗ ಸಣ್ಣದನ್ನು ಮಾರುತ್ತಾರೆ.

ವಿರಾಜಪೇಟೆ ಲೆನ್ಸ್
ಸೆಕೆಂಡ್ ಹ್ಯಾಂಡ್ ಅಂದಾಗ ಒಂದು ಎಚ್ಚರಿಕೆ. ಕೊಳವೆ ಗಿಡ್ಡ, ಆದರೆ ಮೇಲೆ ಬರೆದಿರುವ ಫೋಕಲ್ ಲೆಂತ್ ಅದರ ಎರಡರಷ್ಟು ಉದ್ದ ಅಂತಿದ್ದರೆ ಹುಷಾರು. ಕನ್ನಡಿ ಕೊಳವೆಯಲ್ಲಿ ಹಾಗಿದ್ದರೆ ಐಪೀಸ್ ಹಾಕುವ ಜಾಗದೊಳಗೆ ಇನ್ನೊಂದು ಮಸೂರ ಅಡಗಿಸಿರುತ್ತಾರೆ. ಅದರ ಕನ್ನಡಿಗಳನ್ನು ನೇರ ಕೂರಿಸುವುದು ಹೊಸಬರಿಗೆ ತುಂಬಾ ಕಷ್ಟ. ಮಾರಲು ಬರುವ ಹಳೆಯದರಲ್ಲಿ ಅವೇ ಜಾಸ್ತಿ.

ಕಾವೇರಿ ತೀರ
ಎಲ್ಲರೂ ವಸ್ತು ಬಗ್ಗೆ ಮಾತಾಡುತ್ತಿದ್ದೀರಿ. ಅವರ ಕಣದಲ್ಲಿ ರಾತ್ರಿ ಲೈಟ್ ಇರುತ್ತದಾ ಅಂತ ಯಾರೂ ಕೇಳಲೇ ಇಲ್ಲ! ನಮ್ಮ ಕುಶಾಲನಗರದಲ್ಲಿ ಈಗ ಬೀದಿ ಬೀದಿಗೆ ಬಿಳಿ ಎಲ್‌ಇಡಿ. ತೋಟದ ಮನೆಯವರೂ ಅದನ್ನೇ ಹಾಕುತ್ತಿದ್ದಾರೆ.

ಕಾಫಿಕಣ
ಅದೇ ದೊಡ್ಡ ಸಮಸ್ಯೆ. ಈಗ ಕೊಯ್ಲು ಸಮಯ, ಕಣದ ತುಂಬಾ ಹಣ್ಣು ಹರಡಿದೆ. ಕಾಫಿಗೆ ಒಳ್ಳೆ ರೇಟ್ ಬಂದ ಮೇಲೆ ಕಳ್ಳರ ಭಯ ಜಾಸ್ತಿ. ಅಪ್ಪ 100 ವ್ಯಾಟಿನ ಎಲ್‌ಇಡಿ ಹಾಕಿಸಿದ್ದಾರೆ, ರಾತ್ರಿಯಿಡೀ ಉರಿಯುತ್ತದೆ. ಆರಿಸಿ ಅಂದರೆ ಬೈಯುತ್ತಾರೆ. ಆಕಾಶ ಶುಭ್ರ ಇರುವುದು ಡಿಸೆಂಬರ್‌ನಿಂದ ಮಾರ್ಚ್‌ವರೆಗೆ, ಕಣದಲ್ಲಿ ಕಾಫಿ ಇರುವುದೂ ಅದೇ ಹೊತ್ತಿಗೆ.

ರೋಬಸ್ಟಾ
ನಿಮ್ಮಪ್ಪ ಹೇಳುವುದು ಸರಿ ಇದೆ. ನಮ್ಮ ಪಕ್ಕದ ತೋಟದಲ್ಲಿ ಹೋದ ವರ್ಷ ಒಂದೇ ರಾತ್ರಿ ಹನ್ನೊಂದು ಮೂಟೆ ಹೋಯಿತು. ನಕ್ಷತ್ರ ನಾಳೆಯೂ ಇರುತ್ತದೆ.

ಕುಟ್ಟದ ಹುಡುಗಿ
ನಾಳೆ ಮಗು ದೊಡ್ಡದಾಗಿರುತ್ತದೆ ಅಣ್ಣಾ. ದಾರಿ ಇದೆ. ನಮ್ಮನೆಯಲ್ಲಿ ಲೈಟನ್ನು ಚಲನೆ ಗುರುತಿಸುವ ಸೆನ್ಸರ್‌ಗೆ ಹಾಕಿದ್ದೇವೆ. ಯಾರಾದರೂ ಬಂದರೆ ಮಾತ್ರ ಹೊತ್ತಿಕೊಳ್ಳುತ್ತದೆ. ಕಳ್ಳನಿಗೆ ಅದೇ ಜಾಸ್ತಿ ಭಯ, ಯಾಕೆಂದರೆ ಲೈಟ್ ಹೊತ್ತಿದರೆ ಮನೆಯವರಿಗೆ ಗೊತ್ತಾಗುತ್ತದೆ. ಯಾವಾಗಲೂ ಉರಿಯುವ ಲೈಟ್ ಅವನಿಗೆ ದಾರಿ ತೋರಿಸುತ್ತದೆ ಅಷ್ಟೇ.

ರೋಬಸ್ಟಾ
ಬೆಕ್ಕು, ನಾಯಿ, ಕಾಡುಹಂದಿ ಬಂದರೂ ಹೊತ್ತುತ್ತದೆ. ರಾತ್ರಿ ಹತ್ತು ಸಲ ಎದ್ದು ನೋಡಬೇಕು.

ಕುಟ್ಟದ ಹುಡುಗಿ
ಸೆನ್ಸರ್ ಎತ್ತರ ಸರಿ ಮಾಡಿದರೆ ನಾಯಿಗೆ ಹೊತ್ತಲ್ಲ. ಕನಿಷ್ಠ ಲೈಟಿನ ಮುಖ ನೇರ ಕೆಳಕ್ಕೆ ಬಗ್ಗಿಸಿ, ಮೇಲೆ ತಗಡಿನ ಟೋಪಿ ಹಾಕಿಸಿ. ಕಣಕ್ಕೆ ಬೆಳಕು ಜಾಸ್ತಿಯೇ ಬೀಳುತ್ತದೆ, ಕಣ್ಣಿಗೆ ಮತ್ತು ಆಕಾಶಕ್ಕೆ ಹೋಗುವುದು ನಿಲ್ಲುತ್ತದೆ. ಅಪ್ಪನೂ ಒಪ್ಪುತ್ತಾರೆ.

ಸೋಮವಾರಪೇಟೆ ಮೇಷ್ಟ್ರು
ಕಣ್ಣು ಕತ್ತಲೆಗೆ ಪೂರ್ತಿ ಒಗ್ಗಲು 20ರಿಂದ 30 ನಿಮಿಷ ಬೇಕು. ನಡುವೆ ಒಂದು ಸಲ ಮೊಬೈಲ್ ನೋಡಿದರೆ ಮತ್ತೆ ಮೊದಲಿನಿಂದ ಶುರು. ಟಾರ್ಚಿಗೆ ಕೆಂಪು ಗಾಜುಕಾಗದ ಎರಡು ಮೂರು ಪದರ ಸುತ್ತಿಕೊಳ್ಳಿ.

ಕಣದ ಬಗ್ಗೆ ಒಂದು ವಿಷಯ. ಸಿಮೆಂಟ್ ಕಣ ಹಗಲೆಲ್ಲ ಬಿಸಿಲು ಹೀರಿ ರಾತ್ರಿ ಹತ್ತರವರೆಗೂ ಬಿಸಿ ಬಿಡುತ್ತಿರುತ್ತದೆ. ಆ ಗಾಳಿಯ ಮೂಲಕ ಗ್ರಹ ನೋಡಿದರೆ ನೀರಿನ ತಳದ ಕಲ್ಲಿನ ಹಾಗೆ ನಡುಗುತ್ತದೆ. ಕಣದ ಅಂಚಿನ ಹುಲ್ಲಿನ ಮೇಲೆ ನಿಂತರೆ ಎಷ್ಟೋ ವಾಸಿ.

ರೋಬಸ್ಟಾ
ಹುಲ್ಲು ಅಂತ ತೋಟದೊಳಗೆ ಮಾತ್ರ ಹೋಗಬೇಡಿ. ನಾನು ಸಿದ್ದಾಪುರ ಕಡೆಯವನು. ನಮ್ಮಲ್ಲಿ ಕತ್ತಲಾದ ಮೇಲೆ ಮನೆ ಬಿಟ್ಟು ಹತ್ತು ಹೆಜ್ಜೆ ಹೋಗುವುದಕ್ಕೂ ಯೋಚಿಸಬೇಕು. ಆನೆ ಬರುವುದು ಸದ್ದೇ ಆಗಲ್ಲ. ನಿಮ್ಮ ಕಡೆ ಎಷ್ಟಿದೆಯೋ ಗೊತ್ತಿಲ್ಲ. ಮಗುವನ್ನು ಒಬ್ಬಳೇ ಹೊರಗೆ ಬಿಡಬೇಡಿ, ಅಷ್ಟು ಕೇಳಿಕೊಳ್ಳುತ್ತೇನೆ.

ಕಾಫಿಕಣ
ಇಲ್ಲ ಅಣ್ಣ, ಅಂಗಳ ಬಿಟ್ಟು ಹೋಗಲ್ಲ. ನಾನು ಜೊತೆಗೇ ಇರುತ್ತೇನೆ.

ಬಾಳೆಲೆ ಅಜ್ಜಿ
ನನಗೆ 68. ನಾನೂ ಬೈನಾಕ್ಯುಲರ್ ಕಡೆಗೇ. ಕಾರಣ ಹೇಳುತ್ತೇನೆ. ಟೆಲಿಸ್ಕೋಪ್ ಹೊರಗೆ ತಂದು, ಜೋಡಿಸಿ, ಗುರಿ ಇಡುವುದರೊಳಗೆ ಮಂಜು ಬಂದುಬಿಡುತ್ತದೆ. ಕೊಡಗಿನ ಆಕಾಶ ಹೇಳಿ ಕೇಳಿ ತೆರೆಯುವುದಿಲ್ಲ. ಊಟ ಮುಗಿಸಿ ಬಾಗಿಲು ತೆಗೆದಾಗ ಶುಭ್ರ ಇದ್ದರೆ ಮೊಳೆಯಿಂದ ಬೈನಾಕ್ಯುಲರ್ ತೆಗೆದು ಕತ್ತಿಗೆ ಹಾಕಿಕೊಂಡು ಹೊರಡುತ್ತೇನೆ. ಹೋದ ತಿಂಗಳು ಹದಿನೆಂಟು ರಾತ್ರಿ ನೋಡಿದೆ. ಮಗ ತಂದುಕೊಟ್ಟ ಟೆಲಿಸ್ಕೋಪ್ ಎರಡು ರಾತ್ರಿ ಹೊರಗೆ ಬಂತು.

ಒಂದು ತಪ್ಪು ಮಾಡಬೇಡಿ. ವಯಸ್ಸಾದವರಿಗೆ 7×50 ಬೇಡ. 50ನ್ನು 7ರಿಂದ ಭಾಗಿಸಿದರೆ ಸುಮಾರು 7 ಮಿ.ಮೀ., ಅಷ್ಟು ಅಗಲದ ಬೆಳಕಿನ ಕಂಬಿ ಕಣ್ಣಿಗೆ ಬರುತ್ತದೆ. ನನ್ನ ಪಾಪೆ ಕತ್ತಲಲ್ಲೂ 5 ಮಿ.ಮೀ.ಗಿಂತ ಜಾಸ್ತಿ ತೆರೆಯಲ್ಲ. ಮಿಕ್ಕ ಬೆಳಕು ಹಾಳು. 10×50ಯಲ್ಲಿ ಸರಿಯಾಗಿ 5 ಬರುತ್ತದೆ. ಮಗುವಿಗೆ ಯಾವುದಾದರೂ ಆದೀತು, ಆದರೆ ಮನೆಯಲ್ಲಿ ಎಲ್ಲರೂ ನೋಡುತ್ತೀರಲ್ಲ.

ಡಾಬ್ ಪ್ರೇಮಿ
ಅಜ್ಜಿ, ನೀವು ಅಭ್ಯಾಸ ಇರುವವರು. 11 ವರ್ಷದ ಕೈಗೆ ಮುಕ್ಕಾಲು ಕಿಲೋ ತೂಕ ಕೊಟ್ಟರೆ ಒಂದೇ ನಿಮಿಷದಲ್ಲಿ ನಡುಗುತ್ತದೆ. ನಕ್ಷತ್ರ ಹುಳು ಥರ ಓಡಾಡುತ್ತದೆ. "ಕಾಣಿಸ್ತಾ?" ಅಂದರೆ ಮಕ್ಕಳು ಸುಮ್ನೆ ಹೂಂ ಅನ್ನುತ್ತಾರೆ. ಟೆಲಿಸ್ಕೋಪಿನಲ್ಲಿ ನಾನು ಗುರಿ ಇಟ್ಟು ಸರಿದು ನಿಂತರೆ ಅವಳು ಅದನ್ನೇ ನೋಡುತ್ತಾಳೆ. ಇದು ದೊಡ್ಡ ವ್ಯತ್ಯಾಸ ಅಲ್ವಾ?

ಬಾಳೆಲೆ ಅಜ್ಜಿ
ಅದು ನಿಜ. ಆದರೆ ಅದಕ್ಕೂ ಉಪಾಯ ಇದೆ. ಕಣದಲ್ಲಿ ಕಾಫಿ ಗೋರುವ ಕೋಲು ಇರುತ್ತದಲ್ಲ, ತುದಿಗೆ ಅಡ್ಡ ಹಲಗೆ ಬಡಿದಿರುವುದು. ಅದನ್ನು ತಲೆಕೆಳಗು ಮಾಡಿ ನೆಲಕ್ಕೆ ಊರಿ, ಹಲಗೆಯ ಮೇಲೆ ಬೈನಾಕ್ಯುಲರ್ ಇಡಿ. ನಡುಕ ಮುಕ್ಕಾಲು ಪಾಲು ನಿಲ್ಲುತ್ತದೆ. ಮೊಮ್ಮಗನಿಗೆ ಅವನ ಎತ್ತರಕ್ಕೆ ಒಂದು ಕೋಲು ಕತ್ತರಿಸಿ ಕೊಟ್ಟಿದ್ದೇನೆ. ನೆತ್ತಿಯ ಮೇಲಿನದು ನೋಡುವಾಗ ಈಸಿ ಚೇರ್‌ನಲ್ಲಿ ಒರಗಿ, ಮೊಣಕೈಯನ್ನು ಕುರ್ಚಿಯ ಕೈಗಳ ಮೇಲಿಟ್ಟುಕೊಳ್ಳಲಿ.

ಮಂಜಿನೂರು
ಕಾಫಿ ಕೋಲಿನ ಉಪಾಯ ನನಗೆ ಇಷ್ಟು ವರ್ಷ ಹೊಳೆದಿರಲಿಲ್ಲ. ನಾಳೆಯೇ ಮಾಡುತ್ತೇನೆ.

ವಿರಾಜಪೇಟೆ ಲೆನ್ಸ್
ಬಹಳಷ್ಟು 10×50ರಲ್ಲಿ ಮಧ್ಯದ ಕೀಲಿನ ಮುಂದೆ ಒಂದು ಸಣ್ಣ ಮುಚ್ಚಳ ಇರುತ್ತದೆ. ಬಿಚ್ಚಿದರೆ ಒಳಗೆ ತಿರುಪಿನ ತೂತು. ಎಲ್ ಆಕಾರದ ಬ್ರಾಕೆಟ್ ಹಾಕಿ ಯಾವ ಕ್ಯಾಮೆರಾ ಟ್ರೈಪಾಡಿಗಾದರೂ ಕೂರಿಸಬಹುದು. ಆಗ ಗುರಿ ಇಟ್ಟು ಮಗುವಿಗೆ ತೋರಿಸಲೂ ಆಗುತ್ತದೆ. ಕೊಳ್ಳುವಾಗ ಆ ತೂತು ಇದೆಯಾ ಅಂತ ಕೇಳಿ.

ನಾನು 22 ವರ್ಷದಿಂದ ಕ್ಯಾಮೆರಾ ರಿಪೇರಿ ಮಾಡುತ್ತಿದ್ದೇನೆ. ಅಂಗಡಿಯಲ್ಲಿ ನೋಡಬೇಕಾದ್ದು ಹೇಳುತ್ತೇನೆ. ಬೈನಾಕ್ಯುಲರನ್ನು ಕಣ್ಣಿನಿಂದ ಒಂದಡಿ ದೂರ ಹಿಡಿದು ಬೆಳಕಿನ ಕಡೆ ತಿರುಗಿಸಿ. ಕಣ್ಣಿಡುವ ಕಡೆ ಬೆಳಕಿನ ವೃತ್ತ ಕಾಣುತ್ತದೆ. ಪೂರ್ತಿ ದುಂಡಗಿದ್ದರೆ ಒಳಗಿರುವುದು ಬ್ಯಾಕ್ 4 ಅನ್ನುವ ಗಾಜಿನ ಪ್ರಿಸಂ, ಒಳ್ಳೆಯದು. ಅಂಚು ಕತ್ತರಿಸಿದ ಹಾಗೆ ಚೌಕವಾಗಿದ್ದರೆ ಅಗ್ಗದ ಗಾಜು. ಮಸೂರ ಕೆಂಪಗೆ ಮಾಣಿಕ್ಯದ ಥರ ಹೊಳೆದರೆ ಬೇಡ. ಜೂಮ್ ಇರುವುದೂ ಬೇಡ. ಆಮೇಲೆ ದೂರದ ಕಂಬ ಒಂದನ್ನು ನೋಡಿ. ಒಂದೇ ಕಂಬ ಎರಡಾಗಿ ಕಂಡರೆ, ಅಥವಾ ಎರಡು ನಿಮಿಷದಲ್ಲಿ ತಲೆ ನೋವು ಬಂದರೆ, ಎರಡು ಕೊಳವೆ ಒಂದೇ ಕಡೆ ನೋಡುತ್ತಿಲ್ಲ ಅಂತ. ವಾಪಸ್ ಕೊಟ್ಟುಬಿಡಿ.

ಈಗ ಬೂಸ್ಟಿನ ವಿಷಯ, ಇದು ನಮ್ಮೂರಲ್ಲಿ ಎಲ್ಲಕ್ಕಿಂತ ಮುಖ್ಯ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನನ್ನ ಬಳಿ ಬರುವ ಲೆನ್ಸ್‌ಗಳಲ್ಲಿ ಜೇಡರ ಬಲೆ ಹಾಗೆ ಬಿಳಿ ಎಳೆ ಹಬ್ಬಿರುತ್ತದೆ. ಅದು ಗಾಜಿನ ಮೇಲಿನ ಲೇಪವನ್ನೇ ತಿನ್ನುತ್ತದೆ, ಒರೆಸಿದರೂ ಗುರುತು ಹೋಗಲ್ಲ. ಜೊತೆಗೆ ಕೊಡುವ ಬಟ್ಟೆ ಅಥವಾ ರೆಕ್ಸಿನ್ ಚೀಲದಲ್ಲಿ ಮಳೆಗಾಲದಲ್ಲಿ ಇಡಲೇಬೇಡಿ. ಅದೇ ತೇವ ಹಿಡಿದಿಡುತ್ತದೆ. ರಬ್ಬರ್ ಅಂಚಿನ, ಗಾಳಿಯಾಡದ ಪ್ಲಾಸ್ಟಿಕ್ ಡಬ್ಬ ತನ್ನಿ. ಒಳಗೆ ಕಾಲು ಕಿಲೋ ಸಿಲಿಕಾ ಜೆಲ್ ಮತ್ತು ತೇವ ತೋರಿಸುವ ಸಣ್ಣ ಮೀಟರ್ ಇಡಿ. ಮೀಟರ್ ಶೇಕಡ 40–50ರ ಹತ್ತಿರ ಇರಲಿ. ಜೆಲ್ ಬಣ್ಣ ಬದಲಾದಾಗ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಬಿಸಿ ಮಾಡಿದರೆ ಮತ್ತೆ ಬಳಸಬಹುದು. ಅಡುಗೆಗೆ ಬಳಸದ ಬಾಣಲೆ ಇರಲಿ.

ರಾತ್ರಿ ಇಬ್ಬನಿ ಕೂತರೆ ಒರೆಸಬೇಡಿ. ಒಳಗೆ ತಂದು, ಮುಚ್ಚಳ ಹಾಕದೆ ತಾನೇ ಒಣಗಲು ಬಿಟ್ಟು, ಪೂರ್ತಿ ಆರಿದ ಮೇಲೆ ಡಬ್ಬಕ್ಕೆ ಹಾಕಿ. ಒದ್ದೆಯಲ್ಲೇ ಮುಚ್ಚಿದವರ ಲೆನ್ಸೇ ನನ್ನ ಬಳಿ ಜಾಸ್ತಿ ಬರುವುದು.

ಬಾಳೆಲೆ ಅಜ್ಜಿ
ಹಿಂದೆ ನಮ್ಮ ಮಾವ ಕ್ಯಾಮೆರಾ ಇಟ್ಟ ಬೀರುವಿನಲ್ಲಿ ಸಣ್ಣ ಬಲ್ಬು ಉರಿಸಿ ಇಡುತ್ತಿದ್ದರು. ಆ ಕ್ಯಾಮೆರಾ ಇನ್ನೂ ಚೆನ್ನಾಗಿದೆ.

ವಿರಾಜಪೇಟೆ ಲೆನ್ಸ್
ಒಳ್ಳೆ ಉಪಾಯ ಅಜ್ಜಿ. ಆದರೆ ಈಗಿನ ಎಲ್‌ಇಡಿ ಬಲ್ಬಿಗೆ ಆ ಬಿಸಿ ಇಲ್ಲ, ಮಳೆಗಾಲದಲ್ಲಿ ಕರೆಂಟ್ ಮೂರು ದಿನ ಇರುವುದೂ ಇಲ್ಲ. ಡಬ್ಬವೇ ಸರಿ.

ಬೆಂಗಳೂರಲ್ಲಿರುವ ಕೊಡಗಿನವ
ಅಣ್ಣನಿಗೆ ಫೋನ್ ಮಾಡಿದೆ. ಅದು 25×70 ಅಂತೆ. ಡಾಬ್ ಪ್ರೇಮಿ ಹೇಳಿದ್ದೇ ಸರಿ.

ವಿಷಯ ಬೇರೆ, ಒಂದು ಅನುಮಾನ ಕೇಳಲಾ? ನಮ್ಮಜ್ಜ ಆರಿದ್ರಾ ಮಳೆ, ಪುಷ್ಯ ಮಳೆ ಅಂತ ಲೆಕ್ಕ ಹಾಕುತ್ತಿದ್ದರು. "ಆದ್ರೆ ಆರಿದ್ರಾ, ಇಲ್ದಿದ್ರೆ ದರಿದ್ರ" ಅಂತ ಗಾದೆಯೂ ಹೇಳೋರು. ಆ ಮಳೆ ಬರುವಾಗ ಆ ನಕ್ಷತ್ರ ಆಕಾಶದಲ್ಲಿ ಎಲ್ಲಿರುತ್ತದೆ?

ಸೋಮವಾರಪೇಟೆ ಮೇಷ್ಟ್ರು
ಹಗಲಲ್ಲಿ ಇರುತ್ತದೆ! ಸೂರ್ಯ ಆ ನಕ್ಷತ್ರದ ಭಾಗಕ್ಕೆ ಬಂದಾಗ ಅದರ ಹೆಸರಿನ ಮಳೆ. ಜೂನ್ 22ರ ಆಸುಪಾಸು ಸೂರ್ಯ ಆರಿದ್ರಾಕ್ಕೆ ಬರುತ್ತಾನೆ. ಹಾಗಾಗಿ ಮೋಡ ಇಲ್ಲದಿದ್ದರೂ ಆರಿದ್ರಾ ನಕ್ಷತ್ರ ಆಗ ಕಾಣಲ್ಲ. ಅದನ್ನು ನೋಡಬೇಕಾದ್ದು ಈಗ, ಜನವರಿಯಲ್ಲಿ. ಬೇಟೆಗಾರ (ಓರಿಯನ್) ನಕ್ಷತ್ರಪುಂಜದ ಭುಜದಲ್ಲಿ ಕಿತ್ತಳೆ ಬಣ್ಣದಲ್ಲಿ ಹೊಳೆಯುತ್ತಿದೆ ನೋಡಿ. ಮಳೆ ಕೊಟ್ಟ ನಕ್ಷತ್ರವೇ ಆರು ತಿಂಗಳು ಬಿಟ್ಟು ರಾತ್ರಿಯಿಡೀ ಕಾಣುತ್ತದೆ. ಪುಷ್ಯವನ್ನಂತೂ ಬೈನಾಕ್ಯುಲರ್‌ನಲ್ಲೇ ನೋಡಬೇಕು. ಬರಿಗಣ್ಣಿಗೆ ಮೋಡದ ಚೂರು ಇದ್ದ ಹಾಗೆ ಕಾಣುವ ಜಾಗದಲ್ಲಿ ಹತ್ತಾರು ನಕ್ಷತ್ರ, ಜೇನು ಮುತ್ತಿದ ಹಾಗೆ.

ಬೆಂಗಳೂರಲ್ಲಿರುವ ಕೊಡಗಿನವ
ಇದನ್ನು ಅಜ್ಜನಿಗೆ ಹೇಳಬೇಕಿತ್ತು. ಈಗ ಅವರಿಲ್ಲ.

ಕಾವೇರಿ ತೀರ
ಅಗಸ್ತ್ಯ ನಕ್ಷತ್ರವನ್ನೂ ಮರೆಯಬೇಡಿ. ಈಗ ರಾತ್ರಿ ಹತ್ತರ ಮೇಲೆ ದಕ್ಷಿಣಕ್ಕೆ ತಿರುಗಿದರೆ, ಲುಬ್ಧಕನ (ಸಿರಿಯಸ್) ಕೆಳಗೆ ಒಂಟಿಯಾಗಿ ಹೊಳೆಯುತ್ತಿರುತ್ತದೆ. ರಾತ್ರಿ ಆಕಾಶದ ಎರಡನೇ ಅತಿ ಪ್ರಕಾಶದ ನಕ್ಷತ್ರ. ಕಾವೇರಿಯನ್ನು ಕಮಂಡಲದಲ್ಲಿ ಇಟ್ಟುಕೊಂಡ ಅಗಸ್ತ್ಯನ ಹೆಸರು ಅದಕ್ಕೆ. ಯುರೋಪಿನ ಬಹುಪಾಲು ಜನಕ್ಕೆ ಅದು ಕಾಣುವುದೇ ಇಲ್ಲ. ನಮಗೆ 25 ಡಿಗ್ರಿ ಎತ್ತರಕ್ಕೆ ಬರುತ್ತದೆ.

ಮಂಜಿನೂರು
ಹೌದು, ನಾವು ದಕ್ಷಿಣದಲ್ಲಿರುವುದರ ಲಾಭ ಅದು. ಏಪ್ರಿಲ್ ಕೊನೆಗೆ, ರಾತ್ರಿ 11ರ ಹೊತ್ತಿಗೆ ಒಮೇಗಾ ಸೆಂಟಾರಿ ಅನ್ನುವ ಗುಚ್ಛ ದಕ್ಷಿಣದಲ್ಲಿ 30 ಡಿಗ್ರಿ ಮೇಲಿರುತ್ತದೆ. ಲಕ್ಷಗಟ್ಟಲೆ ನಕ್ಷತ್ರಗಳ ಉಂಡೆ. 10×50ಯಲ್ಲಿ ದೊಡ್ಡ ಮಂಜಿನ ಹನಿ ಥರ ಸಿಗುತ್ತದೆ. ತೋಟದಲ್ಲಿ ಮರಗಸಿ ಮಾಡಿಸುವಾಗ ಮನೆಯ ದಕ್ಷಿಣದ ಮರಗಳನ್ನು ಸ್ವಲ್ಪ ಜಾಸ್ತಿ ಸವರಿಸಿ.

ಡಾಬ್ ಪ್ರೇಮಿ
ಕಾಫಿಕಣ, ನನ್ನ ಮಾತು ಪೂರ್ತಿ ಬಿಡಲ್ಲ, ಆದರೆ ಸ್ವಲ್ಪ ಬದಲಾಯಿಸುತ್ತೇನೆ. 8 ಸಾವಿರದ 525 ಪಟ್ಟಿನದು ಖಂಡಿತ ಬೇಡ. ಈಗ ಬೈನಾಕ್ಯುಲರ್ ತಗೊಳ್ಳಿ. ಉಳಿದ ದುಡ್ಡು ಹಾಗೇ ಇಡಿ. ಮುಂದಿನ ಪುತ್ತರಿಯವರೆಗೆ ಅವಳು ನೋಡುತ್ತಲೇ ಇದ್ದರೆ ಅದಕ್ಕೆ ಸ್ವಲ್ಪ ಸೇರಿಸಿ 130ರ ಡಾಬ್ ಕೊಡಿಸಿ. ಶನಿ ಎಲ್ಲೂ ಹೋಗಲ್ಲ. 2025ರ ಮಾರ್ಚ್‌ನಲ್ಲಿ ಅದರ ಉಂಗುರ ನಮಗೆ ಅಂಚಾಗಿ ತಿರುಗಿ ಗೆರೆಯ ಹಾಗಾಗಿತ್ತು. ಈಗ ವರ್ಷ ವರ್ಷ ಅಗಲವಾಗುತ್ತಾ ಹೋಗುತ್ತದೆ. ತಡವಾದಷ್ಟೂ ಅವಳಿಗೆ ಚೆನ್ನಾಗಿಯೇ ಕಾಣುತ್ತದೆ.

ಕಾಫಿಕಣ
ಹತ್ತು ದಿನ ಬಿಟ್ಟು ಬರೆಯುತ್ತಿದ್ದೇನೆ, ಕ್ಷಮಿಸಿ, ಕೊಯ್ಲಿನ ಗಡಿಬಿಡಿ.

10×50 ತಗೊಂಡೆ, 7 ಸಾವಿರದ ಚಿಲ್ಲರೆ. ವೃತ್ತ ದುಂಡಗಿದೆ, ತಿರುಪಿನ ತೂತೂ ಇದೆ. ಡಬ್ಬ, ಸಿಲಿಕಾ ಜೆಲ್, ಮೀಟರ್ ಎಲ್ಲಾ ಸೇರಿ 1,100 ಆಯಿತು. ಲೈಟಿಗೆ ತಗಡಿನ ಟೋಪಿ ಹಾಕಿಸಿದೆ. ಅಪ್ಪ ಒಂದು ರಾತ್ರಿ ನೋಡಿ, ಕಣಕ್ಕೆ ಬೆಳಕು ಮೊದಲಿಗಿಂತ ಚೆನ್ನಾಗಿ ಬೀಳುತ್ತಿದೆ ಅಂದರು. ಆದರೂ ಆರಿಸಲು ಒಪ್ಪಿರಲಿಲ್ಲ.

ಮೊನ್ನೆ ಮಗಳು ಚಂದ್ರನ ಕುಳಿ ನೋಡಿದಳು. ಗುರುವಿನ ಪಕ್ಕ ಮೂರು ಚುಕ್ಕೆ ಎಣಿಸಿದಳು, ನಾಲ್ಕನೆಯದು ಸಿಗಲಿಲ್ಲ. ಮರುದಿನ ಆ ಚುಕ್ಕೆಗಳು ಜಾಗ ಬದಲಾಯಿಸಿದ್ದನ್ನು ಅವಳೇ ಕಂಡುಹಿಡಿದು ಕೂಗಿದಳು. ಕೂಗು ಕೇಳಿ ಅಪ್ಪ ಹೊರಗೆ ಬಂದರು. ಕಾಫಿ ಕೋಲಿನ ಮೇಲಿಟ್ಟು ಕೃತ್ತಿಕೆ ತೋರಿಸಿದೆ. ಬಹಳ ಹೊತ್ತು ಮಾತೇ ಆಡಲಿಲ್ಲ. ಆಮೇಲೆ ತಾವೇ ಹೋಗಿ ಲೈಟ್ ಆರಿಸಿ ಬಂದು, ಅರ್ಧ ಗಂಟೆ, ಅಷ್ಟೇ ಅಂದರು. ಮುಕ್ಕಾಲು ಗಂಟೆ ಆಯಿತು.

ಈಗ ಅವಳ ಪ್ರಶ್ನೆ: ಗುರುವಿನ ನಾಲ್ಕನೇ ಚಂದ್ರ ಎಲ್ಲಿಗೆ ಹೋಗಿತ್ತು?

ಸೋಮವಾರಪೇಟೆ ಮೇಷ್ಟ್ರು
ಗುರುವಿನ ಹಿಂದೆ ಅಥವಾ ಎದುರಿಗೆ ಇದ್ದಿರಬೇಕು, ಇಲ್ಲವೇ ಅದರ ನೆರಳಿನೊಳಗೆ. ತುಂಬಾ ಹತ್ತಿರ ಇದ್ದರೂ ಗುರುವಿನ ಬೆಳಕಿನಲ್ಲಿ ಮುಚ್ಚಿಹೋಗುತ್ತದೆ. ಅಯೋ ಅನ್ನುವ ಚಂದ್ರ 42 ಗಂಟೆಗೇ ಒಂದು ಸುತ್ತು ಮುಗಿಸುತ್ತದೆ, ಅದಕ್ಕೇ ದಿನಾ ಜಾಗ ಬದಲು. ಅವಳಿಗೊಂದು ನೋಟ್‌ಬುಕ್ ಕೊಡಿ. ದಿನಾ ಒಂದೇ ಹೊತ್ತಿಗೆ ಚುಕ್ಕೆಗಳ ಚಿತ್ರ ಬರೆಯಲಿ, ದಿನಾಂಕ ಮತ್ತು ಗಂಟೆ ಹಾಕಲಿ. ಎರಡು ವಾರದ ಚಿತ್ರಗಳನ್ನು ಇಲ್ಲಿ ಹಾಕಿ, ಯಾವುದು ಯಾವ ಚಂದ್ರ ಅಂತ ಕೂತು ಗುರುತಿಸೋಣ.

ಡಾಬ್ ಪ್ರೇಮಿ
ಮುಂದಿನ ವಾರ ನಾಪೋಕ್ಲಿನಲ್ಲಿ ನಮ್ಮ ನೆಂಟರ ಮನೆಗೆ ಬರುವುದಿದೆ. ಒಪ್ಪಿದರೆ ಡಾಬ್ ಕಾರಿನಲ್ಲಿ ಹಾಕಿಕೊಂಡು ಬರುತ್ತೇನೆ. ಶನಿ ಈಗ ಪಶ್ಚಿಮದಲ್ಲಿ ಬೇಗ ಮುಳುಗುತ್ತದೆ, ಏಳು ಗಂಟೆಯೊಳಗೆ ಕಣಕ್ಕೆ ಬರಬೇಕು.

ಕಾಫಿಕಣ
ಬನ್ನಿ, ಖಂಡಿತ ಬನ್ನಿ. ಊಟ ನಮ್ಮಲ್ಲೇ. ಪಶ್ಚಿಮಕ್ಕೆ ಎರಡು ಸಿಲ್ವರ್ ಓಕ್ ಅಡ್ಡ ಇವೆ, ಅವುಗಳ ಮಧ್ಯೆ ಸಿಗುತ್ತದಾ ಅಂತ ಇವತ್ತೇ ಬೈನಾಕ್ಯುಲರ್‌ನಲ್ಲಿ ನೋಡಿಟ್ಟಿರುತ್ತೇವೆ.

ರೋಬಸ್ಟಾ
ಡಾಬ್ ಪ್ರೇಮಿ, ವಾಪಸ್ ಹೋಗುವಾಗ ತಡರಾತ್ರಿ ಆಗುತ್ತದೆ. ಹೊರಡುವ ಮೊದಲು ದಾರಿಯಲ್ಲಿ ಆನೆ ಇದೆಯಾ ಅಂತ ಊರಿನವರನ್ನು ಕೇಳಿಕೊಂಡೇ ಹೊರಡಿ.